ಓತಿಕ್ಯಾತನಿಗೆ ಬೇಲಿ ಸಾಕ್ಷಿ: ಟಿಕಿಗ್ವಾನಿಯಾ ಅವರಿಗೊಂದು ಬಹಿರಂಗ ಪತ್ರ

ಇವರಿಗೆ,
ಟಿಕಿಗ್ವಾನಿಯಾ ಎಸ್ಟೆಸಿ
(ಕೆಳದವಡೆ ಮಾತ್ರ, ಉಳಿದ ದೇಹ ಲಭ್ಯವಿಲ್ಲ)
ಟಿಕಿ ಶಿಲಾಸ್ತರ, ಶಹಡೋಲ್ ಜಿಲ್ಲೆ, ಮಧ್ಯಪ್ರದೇಶ

ವಿಷಯ: ತಾವು ಅರ್ಜಿ ಸಲ್ಲಿಸದಿದ್ದರೂ ತಮ್ಮ ವಯಸ್ಸನ್ನು ಸುಮಾರು 20 ಕೋಟಿ ವರ್ಷಗಳಷ್ಟು ಇಳಿಸಿರುವ ಬಗ್ಗೆ.

ಮಾನ್ಯರೇ,

ತಮ್ಮನ್ನು ಶ್ರೀಯುತರೆನ್ನಬೇಕೋ ಶ್ರೀಮತಿಯವರೆನ್ನಬೇಕೋ ಗೊತ್ತಾಗದೆ ‘ಮಾನ್ಯರೇ’ ಎಂದು ಶುರು ಮಾಡಿದ್ದೇನೆ. ದವಡೆ ನೋಡಿ ಗಂಡೋ ಹೆಣ್ಣೋ ಹೇಳಬಲ್ಲವರು ನಮ್ಮ ಬಸವೇಶ್ವರನಗರದಲ್ಲಿ ಸಿಗಲಿಲ್ಲ. ದವಡೆಯ ಸದ್ದು ಕೇಳಿ ಯಾರ ಮನೆಯವರೆಂದು ಹೇಳುವವರು ಮಾತ್ರ ಬೀದಿಗಿಬ್ಬರಿದ್ದಾರೆ.

ನಾನು ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ನೌಕರರ ಸೇವಾ ಪುಸ್ತಕಗಳನ್ನು ಕಾಯ್ದುಕೊಂಡಿದ್ದು ನಿವೃತ್ತನಾದವನು. ಜನ್ಮದಿನಾಂಕ ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು. ಶಾಲೆ ತೆರೆಯುವ ದಿನಕ್ಕೆ ಹೊಂದುವಂತೆ ಲೆಕ್ಕ ಹಾಕಿ ಅವರೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಹಾಗಾಗಿ ನನ್ನ ಕಪಾಟಿನಲ್ಲಿದ್ದ ಸೇವಾ ಪುಸ್ತಕಗಳನ್ನು ನಂಬುವುದಾದರೆ ಹಳೇ ಮೈಸೂರು ಸೀಮೆಯ ಗುಮಾಸ್ತರೆಲ್ಲ ಮೇ, ಜೂನ್ ತಿಂಗಳಲ್ಲೇ ಹುಟ್ಟಿದವರು. ನಿವೃತ್ತಿ ಹತ್ತಿರ ಬಂದಾಗ ಕೆಲವರಿಗೆ ತಾವು ನಿಜವಾಗಿ ಎರಡು ವರ್ಷ ತಡವಾಗಿ ಹುಟ್ಟಿದ್ದು ಇದ್ದಕ್ಕಿದ್ದಂತೆ ನೆನಪಾಗುತ್ತಿತ್ತು. ವಯಸ್ಸು ಕಡಿಮೆ ಮಾಡಿಸಿಕೊಳ್ಳಲು ಜನ ಪಡುವ ಪಾಡನ್ನು ನೋಡಿದವನಿಗೆ, ವಯಸ್ಸು ಕಡಿಮೆಯಾಗಿ ಮಾನ ಕಳೆದುಕೊಂಡವರು ತಾವೊಬ್ಬರೇ ಎಂದು ತಿಳಿದಾಗ ಬರೆಯದೆ ಇರಲಾಗಲಿಲ್ಲ.

ಪತ್ರ ಬಹಿರಂಗವಾದ್ದರಿಂದ, ತಮ್ಮ ಕಡತವನ್ನು ನೋಡದ ಓದುಗರಿಗಾಗಿ ಪ್ರಕರಣದ ಸಂಕ್ಷಿಪ್ತ ಟಿಪ್ಪಣಿ ಕೊಡುತ್ತೇನೆ.

ಶಹಡೋಲ್ ಜಿಲ್ಲೆಯ ಟಿಕಿ ಎಂಬ ಊರಿನ ಹೆಸರು ಹೊತ್ತ ಕೆಂಪು ಜೇಡಿಶಿಲೆಯ ಪದರಗಳಿವೆ. ಅವು ಟ್ರಯಾಸಿಕ್ ಯುಗದ ಕೊನೆಯ ಭಾಗದವು. ಆಗ ಹಿಮಾಲಯ ಇರಲಿಲ್ಲ, ಅರಬ್ಬೀ ಸಮುದ್ರ ಇರಲಿಲ್ಲ. ಈ ನೆಲ ಇನ್ನೂ ಗೋಂಡ್ವಾನ ಭೂಖಂಡಕ್ಕೆ ಅಂಟಿಕೊಂಡಿತ್ತು. ಅಲ್ಲಿ ಸಿಕ್ಕ ಒಂದು ಪುಟ್ಟ ಕೆಳದವಡೆಯನ್ನು 2006ರಲ್ಲಿ ಪಿ.ಎಂ. ದತ್ತಾ ಮತ್ತು ಸಂಘಮಿತ್ರಾ ರೇ ಅವರು ‘ಜರ್ನಲ್ ಆಫ್ ವರ್ಟಿಬ್ರೇಟ್ ಪೇಲಿಯಂಟಾಲಜಿ’ ಪತ್ರಿಕೆಯಲ್ಲಿ ವರ್ಣಿಸಿದರು. ಊರಿನ ಹೆಸರಿನ ಜೊತೆ ಇಗ್ವಾನಿಯಾ ಎಂಬ ಹಲ್ಲಿಗಳ ದೊಡ್ಡ ಕುಲದ ಹೆಸರನ್ನು ಸೇರಿಸಿ ತಮಗೆ ನಾಮಕರಣವಾಯಿತು. ಹಿಂದಿನ ‘ಎಸ್ಟೆಸಿ’ ಎಂಬುದು ಹಲ್ಲಿಗಳ ಪಳೆಯುಳಿಕೆಗಳ ಬಗ್ಗೆ ದುಡಿದ ಅಮೆರಿಕದ ವಿಜ್ಞಾನಿ ರಿಚರ್ಡ್ ಎಸ್ಟೆಸ್ ಅವರ ಗೌರವಾರ್ಥ. ಹಲ್ಲಿಗಳೂ ಹಾವುಗಳೂ ಸೇರಿದ ಮಹಾಕುಟುಂಬದಲ್ಲಿ ಪಳೆಯುಳಿಕೆಯಾಗಿ ಸಿಕ್ಕವರ ಪೈಕಿ ಅತ್ಯಂತ ಹಿರಿಯರು ಎಂಬ ಪದವಿ ತಮಗೆ ದಕ್ಕಿತು.

ಆ ಪದವಿಯ ತೂಕ ಎಷ್ಟೆಂದು ತಮಗೆ ತಿಳಿದಿರಲಾರದು. ಡಿಎನ್‌ಎ ಓದಿ ಯಾವ ಜೀವಿ ಯಾವಾಗ ಯಾರಿಂದ ಕವಲೊಡೆಯಿತೆಂದು ಲೆಕ್ಕ ಹಾಕುವವರಿದ್ದಾರೆ. ಎರಡು ಜೀವಿಗಳ ನಡುವಿನ ವ್ಯತ್ಯಾಸವನ್ನು ಡಿಎನ್‌ಎ ಹೇಳುತ್ತದೆ. ಆದರೆ ಆ ವ್ಯತ್ಯಾಸ ಕೂಡಿಬರಲು ಎಷ್ಟು ಕಾಲ ಹಿಡಿಯಿತೆಂದು ಅದೊಂದರಿಂದಲೇ ತಿಳಿಯದು. ಅದಕ್ಕೆ ವಯಸ್ಸು ಗೊತ್ತಿರುವ ಒಂದು ಪಳೆಯುಳಿಕೆ ಬೇಕು. ‘ಈ ಕವಲು ಇಷ್ಟು ಕೋಟಿ ವರ್ಷದ ಹಿಂದೆಯೇ ಇತ್ತು, ಇಗೋ ಸಾಕ್ಷಿ’ ಎಂದು ಅದು ಜಾಮೀನು ನಿಲ್ಲಬೇಕು. ತಾವು ಹಾಗೆ ಹಲವು ಲೆಕ್ಕಗಳಿಗೆ ಜಾಮೀನು ನಿಂತಿರಿ. ಸಹಿ ಹಾಕಲು ಕೈಯಿಲ್ಲದಿದ್ದರೂ ಎಷ್ಟೋ ಪ್ರಬಂಧಗಳು ತಮ್ಮ ಹೆಸರಿನ ಮೇಲೆ ನಿಂತವು.

2012ರಲ್ಲಿ ಆಸ್ಟ್ರೇಲಿಯಾದ ಮಾರ್ಕ್ ಹಚಿನ್ಸನ್, ಆಡಂ ಸ್ಕಿನ್ನರ್ ಮತ್ತು ಮೈಕೆಲ್ ಲೀ ತಮ್ಮ ಕಡತ ತೆರೆದರು. ಅವರು ನೋಡಿದ್ದು ತಮ್ಮ ಹಲ್ಲುಗಳನ್ನು. ನಮ್ಮ ಹಲ್ಲುಗಳು ದವಡೆಯ ಕುಳಿಗಳಲ್ಲಿ ಬೇರುಬಿಟ್ಟಿರುತ್ತವೆ. ತಮ್ಮ ಕುಲದ ದವಡೆಹಲ್ಲುಗಳಿಗೆ ಕುಳಿಯಿಲ್ಲ. ಅವು ಮೂಳೆಯ ಅಂಚಿನ ಮೇಲೆಯೇ ಬೆಸೆದುಕೊಂಡಿರುತ್ತವೆ. ಸವೆದರೆ ಸವೆಯಿತು, ಅದರ ಜಾಗಕ್ಕೆ ಹೊಸದು ಬರುವುದಿಲ್ಲ. ದೇಹ ಬೆಳೆದಂತೆ ಹಿಂಬದಿಯಲ್ಲಿ ಮಾತ್ರ ಹೊಸ ಹಲ್ಲು ಸೇರಿಕೊಳ್ಳುತ್ತವೆ. ಊಸರವಳ್ಳಿಗೂ ಓತಿಕ್ಯಾತನಿಗೂ ಇರುವುದು ಇದೇ ಏರ್ಪಾಡು. ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ತಮ್ಮ ದವಡೆ ಈಗ ಬದುಕಿರುವ ಓತಿಗಳ ದವಡೆಯಿಂದ ಬೇರೆಯೆಂದು ಹೇಳಲು ಹೆಚ್ಚುಕಡಿಮೆ ಸಾಧ್ಯವೇ ಇಲ್ಲದಷ್ಟು ಹೋಲುತ್ತಿತ್ತು. ಅಂಗರಚನೆಯನ್ನೂ ಡಿಎನ್‌ಎಯನ್ನೂ ಸೇರಿಸಿ ವಂಶವೃಕ್ಷ ಬರೆದಾಗ ತಾವು ಹೋಗಿ ಕುಳಿತದ್ದು ಬುಡದಲ್ಲಲ್ಲ, ತುದಿಯ ಕೊಂಬೆಯಲ್ಲಿ. ಇಂದಿನ ಏಷ್ಯಾದ ಡ್ರಾಕೊನೈನೀ ಉಪಕುಟುಂಬದ ಮಡಿಲಲ್ಲಿ.

ಆಗ ಅವರು ಕೇಳಿದ ಪ್ರಶ್ನೆ ಸರಳ. 21.6 ಕೋಟಿ ವರ್ಷಗಳಲ್ಲಿ ಡೈನೋಸಾರ್‌ಗಳು ಬಂದು ಹೋದವು, ಹಕ್ಕಿಗಳಾದವು, ಖಂಡಗಳು ಒಡೆದು ತೇಲಿದವು. ಇದೊಂದು ದವಡೆ ಮಾತ್ರ ಒಂದು ಹಲ್ಲೂ ಬದಲಾಗದೆ ಹಾಗೇ ಉಳಿಯಿತೇ? ಅದಕ್ಕಿಂತ ನಂಬಲು ಸುಲಭವಾದ ಉತ್ತರ ಇನ್ನೊಂದಿತ್ತು. ಟಿಕಿಯ ಜೇಡಿಶಿಲೆ ವಿಶಾಲವಾಗಿ ನೆಲದ ಮೇಲೆಯೇ ತೆರೆದುಕೊಂಡಿದೆ. ಬಿಸಿಲು ಮಳೆಗೆ ಪುಡಿಯಾಗಿ ಮತ್ತೆ ಮಣ್ಣಾಗುತ್ತದೆ. ಬಹಳ ತಡವಾಗಿ ಬದುಕಿದ್ದ ಯಾವುದೋ ಓತಿ ಅಲ್ಲಿ ಸತ್ತು, ಅದರ ದವಡೆ ಆ ಹಳೆಯ ಮಣ್ಣಿನೊಳಗೆ ಸೇರಿರಬೇಕು. ಮಣ್ಣಿನ ವಯಸ್ಸನ್ನು ದವಡೆಯ ವಯಸ್ಸೆಂದು ಬರೆದುಕೊಂಡದ್ದಾಯಿತು. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಪ್ರಕರಣ ನನ್ನ ಸೇವಾವಧಿಯಲ್ಲಿ ಬಂದಿರಲಿಲ್ಲ.

ತೀರ್ಪು ಹೀಗಿತ್ತು: ತಾವು ಬಹುಶಃ ಟರ್ಷಿಯರಿಯ ಕೊನೆಯವರು ಅಥವಾ ಕ್ವಾಟರ್ನರಿಯವರು. ಕ್ವಾಟರ್ನರಿ ಎಂದರೆ ಕಳೆದ ಸುಮಾರು 26 ಲಕ್ಷ ವರ್ಷ. ಅದರಲ್ಲಿ ಕಳೆದ ಮಂಗಳವಾರವೂ ಸೇರುತ್ತದೆ. ತಮ್ಮನ್ನು ಜಾಮೀನಾಗಿ ಇಟ್ಟುಕೊಂಡ ಲೆಕ್ಕಗಳನ್ನೆಲ್ಲ ಮರುಪರಿಶೀಲಿಸಬೇಕೆಂಬ ಷರಾವನ್ನೂ ಅವರು ಕೊನೆಯಲ್ಲಿ ಬರೆದರು.

ಇಲ್ಲಿ ತಮಗೆ ನನ್ನ ಇಲಾಖಾ ಅನುಭವದಿಂದ ಒಂದು ಸಲಹೆ ಕೊಡಬಹುದಿತ್ತು. ಕರ್ನಾಟಕದಲ್ಲಿ ರಾಜ್ಯ ನೌಕರರ ವಯಸ್ಸಿನ ನಿರ್ಣಯಕ್ಕೆ 1974ರ ಕಾಯಿದೆಯೇ ಇದೆ. ದಾಖಲಾದ ವಯಸ್ಸಿನ ಬಗ್ಗೆ ನೌಕರನಿಗೆ ತಕರಾರಿದ್ದರೆ 3 ವರ್ಷದೊಳಗೆ ಎತ್ತಬೇಕು. ಆಮೇಲೆ ಸತ್ಯ ಹೊರಗೆ ಬಂದರೂ ಸತ್ಯಕ್ಕೆ ಕಾಲಮಿತಿ ಮೀರಿರುತ್ತದೆ. ತಮ್ಮ ದಾಖಲಾತಿ 2006ರಲ್ಲಿ, ತಕರಾರು 2012ರಲ್ಲಿ. ನಮ್ಮ ಕಚೇರಿಗೆ ಬಂದಿದ್ದರೆ ಹಚಿನ್ಸನ್ ಸಾಹೇಬರ ಅರ್ಜಿಗೆ ‘ಅವಧಿ ಮೀರಿದ್ದರಿಂದ ತಿರಸ್ಕರಿಸಿದೆ’ ಎಂದು ಮೊಹರು ಒತ್ತಿ, ತಮ್ಮನ್ನು ಪಿತಾಮಹರಾಗಿಯೇ ಉಳಿಸಿಕೊಡುತ್ತಿದ್ದೆ. ತಮ್ಮ ದುರದೃಷ್ಟ, ವಿಜ್ಞಾನದಲ್ಲಿ ಕಾಲಮಿತಿ ಕಾಯಿದೆ ಜಾರಿಯಾಗಿಲ್ಲ.

ಮೊದಲು ವರ್ಣಿಸಿದವರ ಮೇಲೆ ಯಾರೂ ವಂಚನೆಯ ಆರೋಪ ಹೊರಿಸಲಿಲ್ಲ, ಹೊರಿಸುವಂಥದ್ದೂ ಅಲ್ಲ. ಇಂಥ ಸಣ್ಣ ಪ್ರಾಣಿಗಳನ್ನು ಹುಡುಕುವ ಕ್ರಮವೇ ಹಾಗೆ. ಮಣ್ಣನ್ನು ಚೀಲಗಟ್ಟಲೆ ಹೊತ್ತು ತಂದು ನೀರಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹಲ್ಲು, ಮೂಳೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಬೇಕು. ಜರಡಿಗೆ ಗಾತ್ರ ಗೊತ್ತು, ಕಾಲ ಗೊತ್ತಿಲ್ಲ. ಅದೇ ಟಿಕಿ ಪದರದಿಂದ ಒಂದೇ ಒಂದು ಹಲ್ಲಿನ ಆಧಾರದಲ್ಲಿ 2005ರಲ್ಲಿ ಹೆಸರು ಪಡೆದ ಟಿಕಿಥೀರಿಯಂ ಎಂಬವರು ಸಸ್ತನಿಗಳ ಆದಿಬಂಧುವೆಂದು ಮೆರೆದರು. 2024ರಲ್ಲಿ ಅವೆರಿಯಾನೊವ್ ಮತ್ತು ವೊಯ್ತಾ ಎಂಬ ವಿಜ್ಞಾನಿಗಳು ಆ ಹಲ್ಲು ಬಹಳ ಈಚಿನ ನಿಯೋಜೀನ್ ಕಾಲದ ಮೂಗಿಲಿಯದೆಂದು ತೋರಿಸಿದರು. ಒಂದೇ ಊರಿನ ಇಬ್ಬರು ಹಿರಿಯರು ಹೀಗೆ ಕಿರಿಯರಾದದ್ದು ತಮಗೆ ಸ್ವಲ್ಪ ಸಮಾಧಾನ ತಂದೀತು.

ತಮ್ಮ ಖುರ್ಚಿ ಏನಾಯಿತು ಎಂಬ ಕುತೂಹಲ ತಮಗಿರಬಹುದು. ಇಟಲಿಯ ಡಾಲಮೈಟ್ ಪರ್ವತಗಳ ಮೆಗಾಚಿರೆಲ್ಲಾ ಎಂಬವರಿಗೆ 2003ರಲ್ಲೇ ಹೆಸರಿಟ್ಟಿದ್ದರು. 2018ರಲ್ಲಿ ಅವರನ್ನು ಸ್ಕ್ಯಾನ್ ಮಾಡಿ, ಕಲ್ಲಿನೊಳಗಿದ್ದ ಭಾಗಗಳನ್ನೂ ನೋಡಿ, ಸುಮಾರು 24 ಕೋಟಿ ವರ್ಷದ ಅವರೇ ಹಿರಿಯರೆಂದು ಸಾರಲಾಯಿತು. 2022ರಲ್ಲಿ ಇಂಗ್ಲೆಂಡಿನ ಕ್ರಿಪ್ಟೊವರನಾಯ್ಡಿಸ್ ಎಂಬವರು ಬಂದರು. ದಶಕಗಳ ಕಾಲ ಲಂಡನ್ನಿನ ಮ್ಯೂಸಿಯಂ ಕಪಾಟಿನಲ್ಲಿ ಬಿದ್ದಿದ್ದವರು. ಮರುವರ್ಷವೇ ಇನ್ನೊಂದು ತಂಡ, ಇವರು ಹಲ್ಲಿಯೇ ಅಲ್ಲ ಎಂದು ತಕರಾರು ತೆಗೆಯಿತು. ನಮ್ಮ ನೆರೆಯ ತೆಲಂಗಾಣದ ರೆಬ್ಬನದಿಂದ 2002ರಲ್ಲೇ ಸೂಸನ್ ಇವಾನ್ಸ್, ಜಿ.ವಿ.ಆರ್. ಪ್ರಸಾದ್ ಮತ್ತು ಮನ್ಹಾಸ್ ವರ್ಣಿಸಿದ ಭಾರತಾಗಮಾ ಇದ್ದಾರೆ. ಜುರಾಸಿಕ್ ಯುಗದ ಕೋಟಾ ಶಿಲಾಸ್ತರದವರು. ಅವರ ಕುಲಗೋತ್ರದ ಚರ್ಚೆಯೂ ಮುಗಿದಿಲ್ಲ. ಅಂದರೆ ಆ ಖುರ್ಚಿಯಲ್ಲಿ ಯಾರೂ ಕಾಯಂ ಅಲ್ಲ, ಎಲ್ಲರೂ ಪ್ರಭಾರ.

ನನಗೆ ಸೋಜಿಗವೆನಿಸಿದ್ದು ಇದಲ್ಲ. 20 ಕೋಟಿ ವರ್ಷ ಹೋದರೂ ಎಲ್ಲೂ ಒಂದು ಪ್ರತಿಕೃತಿ ಸುಡಲಿಲ್ಲ. ಯಾರ ಭಾವನೆಗೂ ಧಕ್ಕೆಯಾಗಲಿಲ್ಲ. ಭಾರತದ ಹಲ್ಲಿಯ ಹಿರಿಮೆ ಕಂಡು ಹೊಟ್ಟೆಕಿಚ್ಚುಪಟ್ಟ ವಿದೇಶಿಯರ ಸಂಚು ಎಂದು ಯಾರೂ ಮೆರವಣಿಗೆ ಹೊರಡಲಿಲ್ಲ. ತಾವು ಟಿಕಿಯಲ್ಲಿ ಸಿಕ್ಕಿದ್ದು ತಪ್ಪಾಯಿತು; ಪಶ್ಚಿಮ ಬೆಂಗಳೂರಿನಲ್ಲಿ ಸಿಗಬೇಕಿತ್ತು. ರಾಜಾಜಿನಗರದ ಒಂದು ಸರ್ಕಲ್ಲಿಗೆ ತಮ್ಮ ಹೆಸರು ಬರುತ್ತಿತ್ತು. ವಿಜಯನಗರದಲ್ಲಿ ಸೀರಿಯಲ್ ಲೈಟಿನ ಕಮಾನು ಕಟ್ಟಿ, ನಡುವೆ ತಮ್ಮ ದವಡೆ, ಸುತ್ತ ಹದಿನೆಂಟು ಮುಖಂಡರ ಕೈಮುಗಿದ ಚಿತ್ರ ಹಾಕುತ್ತಿದ್ದರು. ದವಡೆ ಚಿಕ್ಕದಾಗಿಯೂ ಮುಖಂಡರು ದೊಡ್ಡದಾಗಿಯೂ ಇರುತ್ತಿದ್ದರು. ಕೆಂಗೇರಿಯಲ್ಲಿ ‘ಜಗತ್ತಿನ ಮೊತ್ತಮೊದಲ ಓತಿ ಲೇಔಟ್’ ಎಂದು ಸೈಟು ಮಾರಾಟಕ್ಕೆ ಬರುತ್ತಿತ್ತು. 2012ರ ಪ್ರಬಂಧ ಇಲ್ಲಿಗೆ ಬರುವಷ್ಟರಲ್ಲಿ ತಾವು ಜಯಂತಿಯುಳ್ಳವರಾಗಿರುತ್ತಿದ್ದಿರಿ. ಜಯಂತಿಯುಳ್ಳವರ ಹಲ್ಲು ಎಣಿಸುವ ಧೈರ್ಯ ಯಾರಿಗೂ ಇಲ್ಲ.

ಆದರೆ ಇಲ್ಲಿ ತಾವು ಸಿಗುವಂತೆಯೇ ಇರಲಿಲ್ಲ. ನಮ್ಮ ಕಾಲ ಕೆಳಗಿನ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದು ಅದೇ ಕಾರಣಕ್ಕೆ. ಕೆಂಗೇರಿ ದಾಟಿ ರಾಮನಗರದ ಕಡೆ ಹೋದರೆ ಸಿಗುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ. ಈ ಕಲ್ಲುಗಳು ಹುಟ್ಟಿದಾಗ ಮೂಳೆ ಎಂಬ ಪದಾರ್ಥವೇ ಲೋಕದಲ್ಲಿರಲಿಲ್ಲ. ಭೂಗರ್ಭದ ಕಾವು, ಒತ್ತಡಗಳಲ್ಲಿ ಬೆಂದು ಗಟ್ಟಿಯಾದ ಕಲ್ಲಿನೊಳಗೆ ದವಡೆ ಕೂರುವ ಸಂಭವವೂ ಇಲ್ಲ. ಹಿರಿತನವೇ ಮುಖ್ಯವಾದರೆ ನಾವು ದಿನಾ ಪಾಯ ತೋಡುವಾಗ ಒಡೆದು ಹಾಕುವ ಕಲ್ಲಿನ ಮುಂದೆ ತಮ್ಮ ಮೊದಲಿನ ವಯಸ್ಸೂ ಏನಲ್ಲ. ಆ ಕಲ್ಲನ್ನು ನಾವು ಜಲ್ಲಿ ಎನ್ನುತ್ತೇವೆ.

ಈಗ ತಮ್ಮ ಸಂಬಂಧಿಕರ ವಿಚಾರಕ್ಕೆ ಬರುತ್ತೇನೆ. ವಯಸ್ಸು ಹೋದಾಗ ತಮಗೆ ಬಂದದ್ದು ಇದು. ಟ್ರಯಾಸಿಕ್ಕಿನಲ್ಲಿದ್ದಾಗ ತಾವು ಒಂಟಿ. ಡ್ರಾಕೊನೈನೀ ಎಂದು ಗೊತ್ತಾದ ಮೇಲೆ ತಾವು ನಮ್ಮವರ ದಾಯಾದಿಗಳು. ಆ ಉಪಕುಟುಂಬಕ್ಕೆ ಹೆಸರು ಬಂದದ್ದು ಡ್ರಾಕೊ ಎಂಬ ಹಾರುವ ಓತಿಯಿಂದ. ಪಶ್ಚಿಮಘಟ್ಟದಲ್ಲಿ ಮರದಿಂದ ಮರಕ್ಕೆ ತೇಲುವ ಅದನ್ನೇ ಬೆನ್ನತ್ತಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಕಾಡು ಹೊಕ್ಕಿತು. ಕನ್ನಡ ಓದುಗರಿಗೆ ತಮ್ಮ ಮನೆತನವನ್ನು ಇನ್ನು ಪರಿಚಯಿಸಬೇಕಾಗಿಲ್ಲ. ಇನ್ನೊಬ್ಬ ದಾಯಾದಿ ಬೇಲಿಯ ಓತಿಕ್ಯಾತ. 1802ರಲ್ಲಿ ದೋದಾಂ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ವರ್ಣಿಸಿದ. ಇಂದು ಶಾಸ್ತ್ರದಲ್ಲಿ ಅದು ಕೆಲೋಟಿಸ್ ವರ್ಸಿಕಲರ್. ಏಷ್ಯಾದ ಉದ್ದಗಲಕ್ಕೂ ಇರುವುದೆಲ್ಲ ಅದೇ ಎಂದು ಎರಡು ಶತಮಾನ ನಂಬಿದ್ದರು. 2021ರಲ್ಲಿ ಡಿಎನ್‌ಎ ನೋಡಿ ಪಾಲು ಮಾಡಿದಾಗ ಅದು ಹಲವು ಪ್ರಭೇದಗಳೆಂದು ತಿಳಿಯಿತು. ಮೂಲ ಹೆಸರು ದಕ್ಷಿಣ ಭಾರತದವರಿಗೆ ಉಳಿಯಿತು.

ತುರಹಳ್ಳಿಯಂಥ ಬಂಡೆಗುಡ್ಡಗಳಲ್ಲಿ ಮೂರನೆಯವರಿದ್ದಾರೆ, ಬಂಡೆಯ ಓತಿ. ಬೆದೆಗಾಲದಲ್ಲಿ ಗಂಡಿನ ಬೆನ್ನು ಕೆಂಪು ಹಳದಿಗೆ ತಿರುಗಿ ಪಕ್ಕೆಗಳು ಕಪ್ಪಾಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮರಿಯಾ ಠಾಕರ್ 2019ರಲ್ಲಿ ಇವುಗಳ ಬುದ್ಧಿಗೊಂದು ಪರೀಕ್ಷೆ ಇಟ್ಟರು. ಎರಡು ಅಡಗುತಾಣಗಳಲ್ಲಿ ಸುರಕ್ಷಿತವಾದದ್ದು ಯಾವುದೆಂದು ನಗರದಂಚಿನ ಓತಿಗಳು ಹಳ್ಳಿಯ ಓತಿಗಳಿಗಿಂತ ಬೇಗ ಕಲಿತವು. ಬೆಂಗಳೂರಿಗೆ ಬಂದವರೆಲ್ಲ ಮೊದಲು ಕಲಿಯುವುದು ಅದನ್ನೇ.

ಹೀಗಾಗಿ ತಮ್ಮ ಹೆಸರಿನ ಹಿಂದೆ ಇಷ್ಟು ದಿನ ಅಂಟಿಕೊಂಡಿದ್ದ ‘ಅಳಿದುಹೋದ’ ಎಂಬ ವಿಶೇಷಣವೇ ಈಗ ಅನುಮಾನಕ್ಕೆ ಬಿದ್ದಿದೆ. ದವಡೆ ಇಂದಿನವರದ್ದರಂತೆಯೇ ಇದ್ದರೆ ತಮ್ಮ ಪೀಳಿಗೆ ಎಲ್ಲೋ ಬೇಲಿಯ ಮೇಲೆ ತಲೆ ಆಡಿಸುತ್ತಿರಬಾರದೇಕೆ? ನಾನು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ನಾನು ಬದುಕಿದ್ದೇನೆ ಎಂದು ನಾನೇ ಬರೆದುಕೊಟ್ಟು ಪಿಂಚಣಿ ಉಳಿಸಿಕೊಳ್ಳುವವನು. ಎದುರಿಗೆ ಕೂತವನು ಉಸಿರಾಡುತ್ತಿರುವುದು ಸಾಕ್ಷಿಯಲ್ಲ. ಹೆಬ್ಬೆಟ್ಟು ಯಂತ್ರಕ್ಕೆ ಒಪ್ಪಿಗೆಯಾಗಬೇಕು. ತಮಗೆ ಹೆಬ್ಬೆಟ್ಟಿಲ್ಲ ಎಂಬುದೊಂದೇ ಅಡ್ಡಿ.

ಆದರೆ ತಾವು ಬದುಕಿರುವವರ ಪಟ್ಟಿಗೆ ಬರುವ ಹೊತ್ತಿಗೆ ನಾವು ಇಲ್ಲಿರುವವರನ್ನು ಆ ಪಟ್ಟಿಯಿಂದ ತೆಗೆಯುತ್ತಿದ್ದೇವೆ. ಕತ್ತು ಕೆಂಪಾದದ್ದು ರಕ್ತ ಹೀರಿದ್ದಕ್ಕೆ ಎಂದು ನಂಬಿ, ತೆಂಗಿನಕಡ್ಡಿಯ ಕುಣಿಕೆ ಹಾಕಿ, ಕಲ್ಲು ಹೊಡೆದು ನಮ್ಮ ಪೀಳಿಗೆಯ ಹುಡುಗರು ಓತಿಗಳನ್ನು ಕೊಂದರು. ಓತಿಗಳು ಅದನ್ನು ತಾಳಿಕೊಂಡವು. ತಾಳಲಾಗದ್ದು ನಾವು ದೊಡ್ಡವರಾಗಿ ಮನೆ ಕಟ್ಟಿದ್ದನ್ನು. ಹೆಣ್ಣು ಓತಿ ಮೊಟ್ಟೆಯಿಡಲು ಮರ ಇಳಿದು ಬರುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮತ್ತೆ ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಹೋಗುತ್ತದೆ. ಅದಕ್ಕೆ ಬೇಕಾದದ್ದು ಅಂಗೈಯಗಲದ ಬರಿ ನೆಲ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಉಳಿದ ಮೂರಡಿಗೆ ಗ್ರಾನೈಟ್ ಹಾಸಿ, ಫುಟ್‌ಪಾತಿಗೆ ಇಂಟರ್‌ಲಾಕ್ ಟೈಲ್ಸ್ ಜೋಡಿಸಿ, ಮರದ ಬುಡಕ್ಕೂ ಸಿಮೆಂಟು ಕಟ್ಟಿದ ಮೇಲೆ ಆ ಅಂಗೈಯಗಲ ಎಲ್ಲಿಂದ ಬರಬೇಕು? ದಾಸವಾಳದ ಬೇಲಿಯಿದ್ದಲ್ಲಿ ಈಗ ಆಳೆತ್ತರದ ಕಾಂಪೌಂಡ್, ಅದರ ಮೇಲೆ ಗಾಜಿನ ಚೂರು. ಮನೆಯೊಳಗಿನ ಹಲ್ಲಿಗಾದರೂ ಪಂಚಾಂಗದಲ್ಲಿ ಒಂದು ಪುಟವಿದೆ, ಎಲ್ಲಿ ಬಿದ್ದರೆ ಏನು ಫಲವೆಂದು. ಓತಿಗೆ ಅದೂ ಇಲ್ಲ.

ನಮ್ಮ ಮರ್ಯಾದೆಯ ಲೆಕ್ಕ ತಮಗೆ ಅರ್ಥವಾಗಿರಬೇಕು. ಸತ್ತು 21 ಕೋಟಿ ವರ್ಷವಾಗಿದೆ ಎಂದಿದ್ದಾಗ ತಾವು ಸುದ್ದಿ. ಎದುರು ಮನೆಯ ನುಗ್ಗೆಮರದಲ್ಲಿರುವವರ ನೆಂಟರು ಎಂದಾದಾಗ ತಾವು ಯಾರಿಗೂ ಬೇಡ. ಹಳೆಯದೆಂದರೆ ಕೈಮುಗಿಯುತ್ತೇವೆ, ಹಳೆಯದು ಹೌದೋ ಎಂದು ಕೇಳಿದವನನ್ನು ಬೈಯುತ್ತೇವೆ, ಜೀವಂತವಾಗಿ ಮುಂದೆ ಬಂದರೆ ಪೊರಕೆ ಹುಡುಕುತ್ತೇವೆ. ತಮ್ಮ ವಯಸ್ಸನ್ನು ಇಳಿಸಿದವರು ಮಾಡಿದ್ದು ಇದಕ್ಕೆ ತದ್ವಿರುದ್ಧ: ಹಲ್ಲನ್ನು ಹತ್ತಿರದಿಂದ ನೋಡಿದರು, ಬದುಕಿರುವವರ ಹಲ್ಲಿನ ಪಕ್ಕ ಇಟ್ಟು ನೋಡಿದರು, ಕಂಡದ್ದನ್ನು ಹೇಳಿದರು. ಬದುಕಿರುವ ಓತಿಯ ದವಡೆ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಮಾತ್ರ ತಮ್ಮ ಗುಟ್ಟು ತಿಳಿಯಲು ಸಾಧ್ಯವಿತ್ತು. ಹಳೆಯದನ್ನು ಅಳೆಯುವ ಕೋಲು ಇರುವುದು ಬದುಕಿರುವವರ ಹತ್ತಿರ. ಬೇಲಿಯ ಮೇಲಿನವರನ್ನು ಕಳೆದುಕೊಂಡ ಊರಿಗೆ ಮುಂದೆ ಯಾವ ದವಡೆ ಸಿಕ್ಕರೂ ಅದು ಆದಿಕಾಲದ್ದೇ ಆಗಿರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಹಿರಿತನ ಹೋಯಿತೆಂದು ಮೇಲ್ಮನವಿ ಸಲ್ಲಿಸಬೇಡಿ. ನನ್ನ ಸೇವೆಯಲ್ಲಿ ತಪ್ಪು ತಾರೀಖಿನೊಂದಿಗೆ ಸನ್ಮಾನ ಪಡೆದು ಮನೆಗೆ ಹೋದವರನ್ನು ಸಾಕಷ್ಟು ನೋಡಿದ್ದೇನೆ. ಸರಿಯಾದ ತಾರೀಖು ಹುಡುಕಿಸಿಕೊಂಡು ಹಾರ ಕಳೆದುಕೊಂಡವರು ತಾವೇ ಮೊದಲಿಗರು. ಆ ಪದವಿಯನ್ನು ಯಾವ ಪ್ರಬಂಧವೂ ಕಿತ್ತುಕೊಳ್ಳಲಾರದು.

ಇಂತಿ ತಮ್ಮ ವಿಶ್ವಾಸಿ,
ಬಸವೇಶ್ವರನಗರದ ಒಬ್ಬ ಪಿಂಚಣಿದಾರ

ಪ್ರತಿಗಳು:
1. ಮೆಗಾಚಿರೆಲ್ಲಾ, ಡಾಲಮೈಟ್ ಪರ್ವತ, ಇಟಲಿ ಇವರಿಗೆ: ಮಾಹಿತಿಗಾಗಿ, ಹಾಗೂ ಮನಸ್ಸು ಗಟ್ಟಿ ಮಾಡಿಕೊಳ್ಳುವ ಸಲುವಾಗಿ.
2. ನಮ್ಮ ಬೀದಿಯಲ್ಲಿ ಮನೆ ಕಟ್ಟಿಸುತ್ತಿರುವ ಎಲ್ಲರಿಗೂ: ಕಾಂಪೌಂಡಿನ ಬುಡದಲ್ಲಿ ಅಂಗೈಯಗಲ ಮಣ್ಣು ಬಿಡಬೇಕೆಂಬ ಕೋರಿಕೆಯೊಂದಿಗೆ.
3. ಎದುರು ಮನೆಯ ನುಗ್ಗೆಮರದ ಓತಿಕ್ಯಾತನಿಗೆ: ಖುದ್ದಾಗಿ. ಮರ ಕಡಿಯಲು ಅನುಮತಿ ಸಿಕ್ಕಿರುವುದರಿಂದ ತುರ್ತು.